ಮರಿಮೀನಿನ ಹೊಟ್ಟೆಯೊಳಗಿನ ಕರಿಬೊಟ್ಟು

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಮರಗಳಿಗೆ ತಮ್ಮ ಹೆಸರು ಇನ್ನೂ ಬಾಯಿಪಾಠ ಆಗಿರಲಿಲ್ಲ. ಆಗ ನೀರು ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಕಲ್ಲು ಮಾತ್ರ ಈಗಿನ ಹಾಗೆಯೇ ಸುಮ್ಮನಿತ್ತು.

ಬಡಗಣ ದಿಕ್ಕಿನಲ್ಲಿ ಒಂದು ಹೊಳೆ. ವರ್ಷದ ಅರ್ಧ ಕಾಲ ಮಂಜುಗಡ್ಡೆ ಹೊದ್ದು ಮಲಗುವ ಹೊಳೆ. ಆ ಹೊಳೆಗೆ ಬಂದು ಹೋಗುತ್ತಿದ್ದ ಒಂದು ಮೀನಿನ ಹೆಸರು ಬಾಳವ್ವ.

ಪುಸ್ತಕ ಓದಿದವರು ಸ್ಟರ್ಜನ್ ಎನ್ನುತ್ತಾರಲ್ಲ, ಆ ಕುಲದವಳು ಬಾಳವ್ವ. ನಮ್ಮ ಕೃಷ್ಣೆ, ಮಲಪ್ರಭೆಯಲ್ಲಿ ಅವಳನ್ನು ಹುಡುಕಬೇಡಿ, ಸಿಗುವುದಿಲ್ಲ. ಆಳುದ್ದದ ಮೈ, ಉದ್ದ ಮೂಗು, ಮೂಗಿನಡಿ ನಾಲ್ಕು ಮೀಸೆ. ಮೈಮೇಲೆ ಐದು ಸಾಲು ಎಲುಬಿನ ಗುಂಡಿ, ಯಾರೋ ಅಂಗಿ ಹೊಲಿಯಲು ಕೂತವರು ನಿಲ್ಲಿಸುವುದನ್ನೇ ಮರೆತ ಹಾಗೆ. ಚೆಲುವೆ ಎಂದು ಅವಳನ್ನು ಯಾರೂ ಅನ್ನುತ್ತಿರಲಿಲ್ಲ. ಕಣ್ಣು ಮಾತ್ರ ದೊಡ್ಡವು, ಕಪ್ಪನೆಯವು. ಬಾಯ್ತುಂಬ ಹಲ್ಲೂ ಇದ್ದವು. ಹೌದು, ಆಗ ಇದ್ದವು.

ಬಾಳವ್ವನ ಮನೆ ಸಮುದ್ರದಲ್ಲಿ. ಹೆರಿಗೆಗೆ ಮಾತ್ರ ಅವಳು ತವರಿಗೆ ಬರುವ ಮಗಳಂತೆ ಹೊಳೆಯ ಮೇಲ್ಗಡೆಗೆ, ನೀರು ಕಲ್ಲುಗಳ ನಡುವೆ ರಭಸವಾಗಿ ಓಡುವ ಕಡೆಗೆ ಬರುತ್ತಿದ್ದಳು. ತವರೇನೋ ಹೌದು, ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಬಂದಳು, ಕಲ್ಲುಗಳಿಗೆ ಲಕ್ಷ ಮೊಟ್ಟೆ ಅಂಟಿಸಿದಳು, ತಿರುಗಿ ನೋಡಿದಳು. ಮಂಜು ಕರಗಿದ ನೀರು ಇರುವಾಗಲೇ ಅವಳು ಹೊರಡಬೇಕು. ಅಷ್ಟು ದೊಡ್ಡ ಮೈಗೆ ಅಲ್ಲಿ ಉಣ್ಣಲು ಏನೂ ಇಲ್ಲ. ನೀರು ಇಳಿದರೆ ಕಲ್ಲಿನ ಮೇಲೆ ಸಿಕ್ಕಿಕೊಂಡು ಒಣಗಬೇಕು.

ಹೊಳೆ ಇಳಿಯುತ್ತಿತ್ತು. ಸಮುದ್ರ ಕರೆಯುತ್ತಿತ್ತು. ಬಾಳವ್ವ ಹೋದಳು.

ಆ ಕಾಲದಲ್ಲಿ ಎಲ್ಲರ ಮಕ್ಕಳೂ ಎಲ್ಲ ಸಿದ್ಧವಾಗಿಯೇ ಹುಟ್ಟುತ್ತಿದ್ದವು. ಬಾಯಿ ತೆರೆದಿರುತ್ತಿತ್ತು, ಹೊಟ್ಟೆ ಕಾದಿರುತ್ತಿತ್ತು. ಬಾಯಿ ತೆರೆದ ಮನೆಗೆ ಮೊದಲು ಬರುವ ನೆಂಟನೆಂದರೆ ಹಸಿವು. ಹಸಿವಿಗೆ ನೆರಳಿಲ್ಲ, ತೂಕವಿಲ್ಲ. ಯಾರ ಮೇಲೂ ಹಗೆಯೂ ಇಲ್ಲ. ತೆರೆದ ಬಾಗಿಲನ್ನೇ ಕರೆಯೋಲೆ ಎಂದು ತಿಳಿಯುವ ಸ್ವಭಾವ ಅದರದು.

ಮೂರು ವರ್ಷ ಕಳೆದು ಬಾಳವ್ವ ಮತ್ತೆ ಬಂದಳು. ಕಲ್ಲಿನ ಸಂದಿಯಲ್ಲಿ ಮುದಿ ಏಡಿಯೊಂದು ಕೂತಿತ್ತು. ಅದನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು.

"ಕಾಕಾ, ನನ್ನ ಮಕ್ಕಳು ಎಲ್ಲಿ ಅದಾವ?" ಎಂದು ಬಾಳವ್ವ ಕೇಳಿದಳು.

ಏಡಿ ಸ್ವಲ್ಪ ಹೊತ್ತು ಕಲ್ಲು ಕೆರೆಯಿತು. "ಇಲ್ಲೇ ಅದಾವ, ಯವ್ವಾ. ಮರಳು ತಿಂದು, ಮರಳಿನ ಕೆಳಗ ಅದಾವ" ಎಂದಿತು.

"ಮರಳ್ಯಾಕ ತಿಂದ್ವು?"

"ಈಜಾಕ ಬರ್ತಿದ್ದಿಲ್ಲ, ಹಿಡಿಯಾಕ ಬರ್ತಿದ್ದಿಲ್ಲ. ಹಸಿವು ಬಂದು ಕುಂತಿತ್ತು. ಬಾಯಿ ಮುಂದ ಮರಳಷ್ಟ ಇತ್ತು."

ಬಾಳವ್ವ ಆ ಮರಳಿನ ಮೇಲೆ ಮೂಗಿಟ್ಟು ಒಂದು ಹಗಲು ಮಲಗಿದಳು. ಆಮೇಲೆ ಮೊಟ್ಟೆಯಿಟ್ಟಳು. "ಈ ಸಲ ನಾ ಹೋಗೂದಿಲ್ಲ. ಸತ್ರ ಇಲ್ಲೇ ಸಾಯ್ತೀನಿ" ಎಂದಳು.

ಹೋಗಲಿಲ್ಲ. ಮೊಟ್ಟೆಗಳು ಒಡೆದವು. ಎಳೆ ದಾರದಂಥ ಮಕ್ಕಳು ಸಾವಿರ ಸಾವಿರ ಹೊರಬಿದ್ದವು. ಒಂದೊಂದೂ ಬಾಯಿ ತೆರೆದೇ ಬಂದಿತು, ಒಂದೊಂದರ ಹಿಂದೆಯೂ ಹಸಿವು ಬಂದಿತು. ಬಾಳವ್ವ ಹುಳ ಹಿಡಿದಳು, ಶಂಖದ ಹುಳುವನ್ನು ಹಲ್ಲಿನಿಂದ ಅರೆದಳು, ಅರೆದದ್ದನ್ನು ಉಗುಳಿ ಉಗುಳಿ ಉಣಿಸಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವಳಿಗೆ ಆ ದಾರದೆಳೆಗಳೆಲ್ಲ ಮುದ್ದೇ. ಆದರೆ ಒಂದು ಬಾಯಿಯಿಂದ ಲಕ್ಷ ಬಾಯಿಗೆ ಉಣಿಸುವುದು ಎಲ್ಲಿಯ ಮಾತು? ಒಂದಕ್ಕೆ ಉಣಿಸಿ ತಿರುಗುವಷ್ಟರಲ್ಲಿ ನೂರು ಸಾಯುತ್ತಿದ್ದವು.

ಎರಡನೆಯ ದಿನ ಅವಳು ಅದನ್ನು ಕಂಡಳು. ಒಂದು ಮರಿಯ ಬಾಲ ಇನ್ನೊಂದು ಮರಿಯ ಬಾಯಿಯಲ್ಲಿತ್ತು.

"ಬಿಡೋ, ಅಂವ ನಿಮ್ಮಣ್ಣ" ಎಂದಳು ಬಾಳವ್ವ.

"ಅಣ್ಣ ಅಂದ್ರ ಏನವ್ವಾ?" ಎಂದು ಕೇಳಿತು ಆ ಮರಿ.

ಹುಟ್ಟಿ ಎರಡು ದಿನವಾದ ಕೂಸಿಗೆ ಅಣ್ಣ ಎಂಬ ಮಾತನ್ನು ಯಾರು ಕಲಿಸಿದ್ದರು? ಹಸಿವು ಮಾತ್ರ ಕಲಿಸದೆಯೇ ಬಂದಿತ್ತು. ಹಸಿವು ರುಚಿ ಅರಿಯದು, ನೆಂಟಸ್ತಿಕೆಯನ್ನು ಮೊದಲೇ ಅರಿಯದು. ಅಣ್ಣ ತಮ್ಮನನ್ನು ತಿಂದ, ತಂಗಿ ಅಕ್ಕನನ್ನು ತಿಂದಳು. ಐದನೆಯ ದಿನ ಒಂದೇ ಒಂದು ಮರಿ ಉಳಿಯಿತು. ಅವ್ವ ಹಿಡಿಯುತ್ತಿದ್ದ ಹುಳವೂ ಅಷ್ಟು ಹೊತ್ತಿಗೆ ಮುಗಿದಿತ್ತು, ಅದಕ್ಕೆ ತಿನ್ನಲು ಯಾರೂ ಉಳಿಯಲಿಲ್ಲ. ಆರನೆಯ ದಿನ ಅದೂ ಇರಲಿಲ್ಲ.

ಹೊಳೆ ಇಳಿಯುತ್ತಿತ್ತು. ಸಮುದ್ರ ಕರೆಯುತ್ತಿತ್ತು. ಬಾಳವ್ವ ಕಲ್ಲುಗಳಿಗೆ ಅಡ್ಡಲಾಗಿ ಬಿದ್ದುಕೊಂಡಳು, ಏಳಲಿಲ್ಲ. ನೀರು ಅವಳ ಬೆನ್ನಿನ ಗುಂಡಿಗಳ ತನಕ ಇಳಿಯಿತು. ಗಾಳಿ ಬಂದು ಅವಳ ಬೆನ್ನು ಮುಟ್ಟಿ, ಒಣಗತೊಡಗಿದೆ ಎಂದು ಹೇಳಿ ಹೋಯಿತು.

ಆಗ ಹೊಳೆಯೇ ಮಾತಾಡಿತು. ಹೊಳೆಯೆಂದರೆ ಮುದುಕಿ, ಎಲ್ಲರಿಗೂ ಹೊಳೆವ್ವ. ಲೋಕದ ಹಸಿ ಮಣ್ಣನ್ನು ತಿಕ್ಕಿ ತೀಡಿ ಹದ ಮಾಡುವ ಕೆಲಸ ಆಗ ಅವಳದೇ.

"ಏಳ ಮಗಳ. ತಾಳಿದವರು ಬಾಳಿಯಾರು" ಎಂದಳು ಹೊಳೆವ್ವ.

"ಆ ಮಾತು ನನಗ ಹೇಳಬ್ಯಾಡ" ಎಂದಳು ಬಾಳವ್ವ. "ತಾಳಾಕ ನನ್ನ ಮಕ್ಕಳ ಹಂತ್ಯಾಕ ಏನಿತ್ತು? ಒಂದು ಹಿಡಿ ಬುತ್ತಿ ಇತ್ತೇನು? ಬುತ್ತಿ ಕೊಡದ ತಾಳು ಅಂತೀಯಲ್ಲ, ನಿನಗ ನಾಚಿಕಿ ಬರೂದಿಲ್ಲ?"

ಹೊಳೆವ್ವ ಸಿಟ್ಟಾಗಲಿಲ್ಲ. ಹಡೆದವಳು ಹೊಟ್ಟೆಯ ಸಂಕಟಕ್ಕೆ ಆಡಿದ ಮಾತಿಗೆ ಸಿಟ್ಟಾಗಬಾರದು ಎಂಬುದು ಅವಳಿಗೆ ಗೊತ್ತಿತ್ತು. ಅವಳು ಯೋಚಿಸುತ್ತ ಕಲ್ಲುಗಳನ್ನು ಸುತ್ತಿದಳು.

"ಊರಾಗ ಮಗಳು ಹೊಂಟ್ರ ಉಡಿ ತುಂಬತಾರ" ಎಂದಳು ಕೊನೆಗೆ. "ಸೆರಗಿನಾಗ ಅಕ್ಕಿ ಹಾಕಿ ಕಳಸತಾರ. ಇಲ್ಲಿ ಹೋಗಾಕಿ ಅವ್ವ, ಉಳಿಯೂವು ಮಕ್ಕಳು. ನೀ ಮಕ್ಕಳ ಉಡಿ ತುಂಬಿ ಹೋಗು."

"ಅವಕ್ಕ ಸೆರಗೆಲ್ಲೈತಿ?"

"ಹೊಟ್ಟಿ ಮುಂದ ಒಂದು ಚೀಲ ಮಾಡ್ತೀನಿ. ಅದ ಸೆರಗು. ನೀ ಏನು ತುಂಬತಿ, ನಿನ್ನ ಮೈಯಾಗಿಂದ ತುಂಬಬೇಕು. ನಾ ಕೂಸುಗಳ ಬಾಯಿ ಮುಚ್ಚಿ ಹುಟ್ಟಸ್ತೀನಿ. ಬಾಯಿ ಮುಚ್ಚಿದ್ರ ಹಸಿವು ಬರೂದಿಲ್ಲ. ಹೊಟ್ಟಿ ಆಮ್ಯಾಲ ಸಾವಕಾಶ ಕಟ್ಟತೀನಿ. ಒಂಬತ್ತು ದಿನ ಬೇಕು."

"ನಿನಗ ನಾ ಏನು ಕೊಡ್ಲಿ?"

"ನಿನ್ನ ಹಲ್ಲು ಕೊಡು. ಕೂಸಿನ ಬಾಯಿ ತೆರೆದ ದಿನ ಕಚ್ಚಾಕ ಒಂದೀಟು ಹಲ್ಲು ಬೇಕಾಗತಾವ."

ಬಾಳವ್ವ ಕಲ್ಲಿಗೆ ದವಡೆ ಹಚ್ಚಿ ತನ್ನ ಹಲ್ಲುಗಳನ್ನೆಲ್ಲ ಕಿತ್ತು ಕೊಟ್ಟಳು. ತೆವಳಿ, ನೀರಿಗೆ ಬಿದ್ದು, ಸಮುದ್ರ ಸೇರಿದಳು. ಹಲ್ಲಿಲ್ಲದ ಬಾಯಿ ಮೂಗಿನ ಕೆಳಗೆ ಮೆತ್ತನೆಯ ಸೊಂಡಿಲಾಯಿತು. ಅದರಿಂದ ಕೆಸರಿನ ಹುಳ ಹೀರಿ ಹೀರಿ ಮೈ ಕೂಡಿಸಿದಳು. ತನಗೆಂದು ಉಣ್ಣಲಿಲ್ಲ. ಉಂಡದ್ದೆಲ್ಲ ಹಳದಿ ಕೊಬ್ಬಾಗಿ ಮೊಟ್ಟೆಗಳಿಗೆ ಹೋಯಿತು.

ಐದು ವರ್ಷಕ್ಕೆ ಹೊಳೆಗೆ ಬಂದಳು. ಒಂದೊಂದು ಮೊಟ್ಟೆಗೂ ಉಡಿ ತುಂಬಿದಳು, ಹಳದಿ ಉಡಿ. ಮುಂದಿನ ಬಾಗಿಲನ್ನು ಹೊಳೆವ್ವ ಬಿಗಿಯಾಗಿ ಮುಚ್ಚಿದಳು.

ಇಲ್ಲಿ ಬಾಳವ್ವ ಒಂದು ತಪ್ಪು ಮಾಡಿದಳು. ತಪ್ಪೆಂದರೆ ತಪ್ಪಲ್ಲ, ರೂಢಿ. ಉಡಿ ತುಂಬಿಸಿಕೊಂಡವರು ಅದರಲ್ಲಿ ಒಂದು ಚಿಟಿಕೆ ತೆಗೆದು ಹಿಂದಕ್ಕೆ ಹಾಕಬೇಕು. ಇಲ್ಲದಿದ್ದರೆ ತವರು ಬರಿದಾಗುತ್ತದೆ. ಅದು ಹೆಂಗಸರಿಗೆಲ್ಲ ಗೊತ್ತಿರುವ ಮಾತು. ನನ್ನ ಮಕ್ಕಳು ಒಂದು ಚಿಟಿಕೆ ಹಿಂದಕ್ಕೆ ಹಾಕುವುದು ಎಲ್ಲಿಂದ ಎಂದು ಬಾಳವ್ವ ಯೋಚಿಸಿದಳು. ಪ್ರತಿ ಉಡಿಯ ಹಿಂದೆ, ಬಾಲದ ಬುಡದಲ್ಲಿ, ಒಂದು ಸಣ್ಣ ಕಿಂಡಿ ಬಿಟ್ಟಳು. ಹೊಳೆವ್ವನಿಗೆ ಹೇಳಲಿಲ್ಲ. ಎಲ್ಲರೂ ಮಾಡುವುದನ್ನು ಹೇಳುವುದೇನಿದೆ ಎಂದುಕೊಂಡಳು.

ಮಕ್ಕಳು ಹುಟ್ಟಿದವು. ಬಾಯಿಲ್ಲ, ಹೊಟ್ಟೆಯಿಲ್ಲ, ಎದೆಯ ಕೆಳಗೆ ಹಳದಿ ಉಡಿ. ಕಲ್ಲಿನ ಸಂದಿಯಲ್ಲಿ ಒಂದರ ಪಕ್ಕ ಒಂದು ಮಲಗಿದವು. ಯಾವುದೂ ಮರಳು ಮುಕ್ಕಲಿಲ್ಲ. ಯಾವುದೂ ಯಾವುದರ ಬಾಲವನ್ನೂ ಹಿಡಿಯಲಿಲ್ಲ.

ಬಾಳವ್ವ ತನ್ನ ದೊಡ್ಡ ಕಣ್ಣುಗಳಿಂದ ನೋಡಿದಳು, ನೋಡಿದಳು. ಜನ್ಮದಲ್ಲಿ ಮೊದಲ ಸಲ ಅವಳಿಗೆ ಸುಖವೆನಿಸಿತು. ಅದು ಎರಡು ದಿನದ ಸುಖ.

ಮೂರನೆಯ ದಿನ ಮಕ್ಕಳು ಹೊರಳತೊಡಗಿದವು. ಅಳಲು ಬಾಯಿಲ್ಲ. ಮೈ ಮಾತ್ರ ಬಿಲ್ಲಿನಂತೆ ಬಾಗುತ್ತಿತ್ತು, ಬಿಡುತ್ತಿತ್ತು. ಹಳದಿ ಉಡಿ ಹಾಗೇ ತುಂಬಿತ್ತು, ಮಕ್ಕಳು ಸಾಯುತ್ತಿದ್ದವು.

"ಕಾಕಾ, ಏನಾತು?" ಎಂದಳು ಬಾಳವ್ವ.

ಏಡಿ ಒಂದು ಮರಿಯ ಹತ್ತಿರ ಹೋಗಿ ಹಿಂದೆ ಮುಂದೆ ನೋಡಿತು. "ಹಿತ್ತಲ ಬಾಗಿಲು ತೆರೆದೈತಿ, ಯವ್ವಾ. ಹಸಿವು ಒಳಗ ಕುಂತೈತಿ" ಎಂದಿತು.

ಮುಂದಿನ ಬಾಗಿಲು ಮುಚ್ಚಿದ ಮನೆಯಲ್ಲಿ ಹಸಿವು ಕೂತಿತ್ತು. ಉಣ್ಣಲು ಬಾಯಿ ಕೊಡದೆ ಹಸಿವನ್ನು ಮಾತ್ರ ಕೊಟ್ಟಿದ್ದಳು ಅವ್ವ. ಮರಳು ತಿಂದು ಸತ್ತವುಗಳಿಗೆ ಬಾಯಾದರೂ ಇತ್ತು. ಇವುಗಳಿಗೆ ಅದೂ ಇಲ್ಲ. ಇದು ಹೊಳೆ ಮಾಡಿದ್ದಲ್ಲ, ಮರಳು ಮಾಡಿದ್ದಲ್ಲ. ಅವಳ ಕೈಯಾರೆ ಆದದ್ದು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಬೇರೆಯವರು ಹೇಳಿಕೊಂಡು ಸಮಾಧಾನ ಪಡಬಹುದು. ಬಾಳವ್ವನಿಗೆ ಆ ಸಮಾಧಾನವೂ ಇರಲಿಲ್ಲ.

ಅವಳು ಒಂದು ಮರಿಯ ಪಕ್ಕ ಮೂಗಿಟ್ಟು ಹಸಿವನ್ನು ಮಾತಾಡಿಸಿದಳು.

"ನಿನಗ ನಾ ಏನು ಮಾಡಿದ್ದೆ? ಇವು ಮೂರು ದಿನದ ಕೂಸು."

"ನೀ ಏನೂ ಮಾಡಿಲ್ಲವ್ವಾ. ಬಾಗಿಲು ತೆರೆದಿತ್ತು, ಬಂದೆ" ಎಂದಿತು ಹಸಿವು ಒಳಗಿನಿಂದ.

"ಹೊರಗ ಬಾ. ಕೈ ಮುಗೀತೀನಿ."

"ಬರ್ತೀನಿ. ಆದ್ರ ಬಾಗಿಲು ಮುಚ್ಚು. ತೆರೆದಿದ್ರ ಮತ್ತ ಬರ್ತೀನಿ, ನನಗ ತಡಕೊಳ್ಳಾಕ ಆಗೂದಿಲ್ಲ. ನಾ ಬರೂದ ಬ್ಯಾಡ ಅಂದ್ರ ಈ ಕೂಸು ಎಂದೂ ಉಣ್ಣೂದಿಲ್ಲ, ಅದೂ ನೆನಪಿರಲಿ. ಮುಚ್ಚಿದ್ದು ಎಂದಾರ ಒಂದು ದಿನ ಉದುರಬೇಕು. ಅವತ್ತ ನಾ ಮುಂಬಾಗಿಲಿಂದ ಬರ್ತೀನಿ."

ಏನಿಂದ ಮುಚ್ಚುವುದು? ಮರಳು ತುಂಬಿದರೆ ಹರಿದು ಹೋಯಿತು. ಕೆಸರು ಮೆತ್ತಿದರೆ ಕರಗಿ ಹೋಯಿತು. ಹೊಳೆಯಲ್ಲಿ ಇದ್ದದ್ದೆಲ್ಲ ಹೊಳೆಯಲ್ಲಿ ಕರಗುವಂಥದ್ದೇ.

ಕೂಸಿಗೆ ದೃಷ್ಟಿಯಾಗಬಾರದು ಎಂದು ಅವ್ವಂದಿರು ತಮ್ಮ ಕಣ್ಣಿನ ಕಾಡಿಗೆಯನ್ನೇ ಬೆರಳಲ್ಲಿ ತೆಗೆದು ಕೆನ್ನೆಗೆ ಇಡುತ್ತಾರಲ್ಲ, ಬಾಳವ್ವ ಹಾಗೆ ಮಾಡಿದಳು. ಅವಳಿಗೆ ಬೆರಳಿಲ್ಲ, ಮೀಸೆಯಿತ್ತು. ಮೀಸೆಯ ತುದಿಯಿಂದ ತನ್ನ ಕಣ್ಣಿನ ಕಪ್ಪನ್ನು ಎಳ್ಳಷ್ಟು ತೆಗೆದಳು. ಹಸಿವು ಹೊರಗೆ ಬಂದ ಕೂಡಲೇ ಮರಿಯ ಹಿಂದಿನ ಕಿಂಡಿಗೆ ಒತ್ತಿದಳು. ಕಪ್ಪು ಅಂಟಿಕೊಂಡಿತು. ಕರಗಲಿಲ್ಲ. ಮರಿ ಹೊರಳುವುದನ್ನು ನಿಲ್ಲಿಸಿತು.

ಒಂದು ಮಗುವಿಗೆ ಒಂದು ಬೊಟ್ಟು. ಒಂದು ಬೊಟ್ಟಿಗೆ ಅವಳ ಕಣ್ಣಿನ ಒಂದಿಷ್ಟು ಬೆಳಕು. ನೂರು ಇಟ್ಟಳು, ದೂರದ ಕಲ್ಲು ಮಸುಕಾಯಿತು. ಸಾವಿರ ಇಟ್ಟಳು, ಹತ್ತಿರದ ಕಲ್ಲು ಮಸುಕಾಯಿತು. ಇನ್ನೂ ಮಕ್ಕಳಿದ್ದವು, ಕಪ್ಪು ಮುಗಿಯುತ್ತ ಬಂದಿತ್ತು. ಯಾರಿಗೆ ಇಡಲಿ, ಯಾರನ್ನು ಬಿಡಲಿ ಎಂದು ನೋಡಲು ಕಣ್ಣೇ ಇರಲಿಲ್ಲ. ಮೀಸೆಗೆ ತಾಗಿದವುಗಳಿಗೆ ಇಟ್ಟಳು. ತಾಗದವು ತಾಗದೆಯೇ ಹೋದವು.

ಕೊನೆಯ ಬೊಟ್ಟು ಇಟ್ಟಾಗ ಅವಳ ದೊಡ್ಡ ಕಣ್ಣುಗಳು ಎರಡು ಕಾಳಿನಷ್ಟಾಗಿದ್ದವು.

"ಎಷ್ಟು ಉಳಿದಾವ, ಕಾಕಾ?"

ಏಡಿ ಸುತ್ತ ನೋಡಿತು. ಹೆಚ್ಚೇನೂ ಉಳಿದಿರಲಿಲ್ಲ. "ಉಳಿದಾವ, ಯವ್ವಾ" ಎಂದಿತು. ಲೆಕ್ಕ ಹೇಳಲಿಲ್ಲ.

ಇಷ್ಟೆಲ್ಲ ಆಗುವಾಗ ಹೊಳೆವ್ವ ತನ್ನ ಕೆಲಸ ಬಿಟ್ಟಿರಲಿಲ್ಲ. ಮನೆ ಕಟ್ಟುವವರು ಮೊದಲು ಮುಂಬಾಗಿಲ ಚೌಕಟ್ಟು ನಿಲ್ಲಿಸಿ ಪೂಜೆ ಮಾಡುತ್ತಾರೆ. ಹೊಳೆವ್ವ ತಿರುಗಾಮುರುಗಾ ಕಟ್ಟಿದಳು, ಹಿತ್ತಲಿನಿಂದ ಶುರು ಮಾಡಿದಳು. ಮೊದಲು ಕರಿಬೊಟ್ಟಿನ ಒಳಗಡೆ ಒಂದು ಸುರುಳಿ ಮೆಟ್ಟಿಲು. ಮನೆ ಗಿಡ್ಡ, ಉಂಡದ್ದು ಅರಗಲು ದಾರಿ ಉದ್ದ ಬೇಕು, ಅದಕ್ಕೆ ಸುರುಳಿ. ಆಮೇಲೆ ನಡುಮನೆ. ಚೀಲದಲ್ಲಿದ್ದ ಉಡಿ ದಿನದಿನಕ್ಕೆ ಕರಗಿದಂತೆ ಆ ಚೀಲದ ಗೋಡೆಯನ್ನೇ ಒಳಗಿಂದ ತೀಡಿ ತೀಡಿ ಹೊಟ್ಟೆ ಮಾಡಿದಳು. ಅವ್ವ ಬುತ್ತಿ ಕಟ್ಟಿದ ಸೆರಗೇ ಮಗುವಿನ ಹೊಟ್ಟೆಯಾಯಿತು. ಗಂಟಲು, ಬಾಯಿ ಎಲ್ಲ ಕಟ್ಟಕಡೆಗೆ.

"ಒಂಬತ್ತನೇ ದಿನ ಬೊಟ್ಟು ಉದುರತದ, ಬಾಯಿ ತೆರೀತದ" ಎಂದಳು ಹೊಳೆವ್ವ. "ಇನ್ನ ನೀ ಹೊಂಡು ಮಗಳ."

"ಒಂಬತ್ತರ ತನಕ ಇರ್ತೀನಿ" ಎಂದಳು ಬಾಳವ್ವ. "ಕಣ್ಣಿಲ್ಲ, ನೋಡೂದಂತೂ ಆಗೂದಿಲ್ಲ. ಒಂದ ಒಂದು ಕೂಸು ಒಂದ ಒಂದು ತುತ್ತು ಉಂಡಿದ್ದನ್ನ ಮೀಸಿಯಿಂದ ಮುಟ್ಟಿ ಹೋಗ್ತೀನಿ. ಅಷ್ಟ ಸಾಕು. ಮತ್ತೇನೂ ಕೇಳೂದಿಲ್ಲ ನಿನ್ನ."

"ಇವತ್ತು ಐದನೇ ದಿನ. ನನ್ನಾಗ ನಿನ್ನ ಹೊತ್ತು ಒಯ್ಯೂವಷ್ಟು ನೀರು ಇವತ್ತಿಗೆ ಮುಗೀತದ."

"ಇಲ್ಲೇ ಸತ್ರೇನಾತು?"

"ನೀ ಇಲ್ಲಿ ಸತ್ರ ನಿನ್ನ ಮೈ ಕೊಳತು ಇವಕ್ಕ ನೀರು ಕೆಡತದ. ಹೊಂಡು."

ಬಾಳವ್ವ ಹೊರಳಿದಳು. ಮಕ್ಕಳು ಮಲಗಿದ್ದ ಸಂದಿಯ ಮೇಲೆ ನಾಲ್ಕು ಮೀಸೆಗಳನ್ನೂ ಒಮ್ಮೆ ಆಡಿಸಿದಳು. ಮಕ್ಕಳಿಗೆ ಎಚ್ಚರವಿರಲಿಲ್ಲ. ಇದ್ದರೂ ಕರೆಯಲು ಬಾಯಿರಲಿಲ್ಲ.

ಹೊಳೆ ಇಳಿಯುತ್ತಿತ್ತು. ಸಮುದ್ರ ಕರೆಯುತ್ತಿತ್ತು. ಬಾಳವ್ವ ಹೋದಳು.

ಒಂಬತ್ತನೆಯ ದಿನ ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಒಂದು ಕರಿಬೊಟ್ಟು ಉದುರಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಬಾಯಿಗಳು ತೆರೆದವು, ಒಳಗೆ ಅಕ್ಕಿನುಚ್ಚಿನಂಥ ಹಲ್ಲು. ಹೊರಗೆ ಕಾದಿದ್ದ ಹಸಿವು ಎದ್ದು ಮುಂಬಾಗಿಲಿನಿಂದ ಒಳಗೆ ಹೋಯಿತು. ಈ ಸಲ ಮನೆ ಸಿದ್ಧವಿತ್ತು. ಮಕ್ಕಳಿಗೆ ಈಜಲು ಬರುತ್ತಿತ್ತು. ಒಂದು ಮರಿ ನೀರಿನ ಹುಳವೊಂದನ್ನು ಹಿಡಿಯಿತು, ನುಂಗಿತು. ಅದು ಬದುಕಿತು.

ಏಡಿ ಅದನ್ನೆಲ್ಲ ನೋಡಿತು. ಓಡಿಹೋಗಿ ಹೇಳೋಣವೆಂದರೆ ಸಮುದ್ರ ದೂರ, ಏಡಿಯ ನಡಿಗೆ ಅಡ್ಡಡ್ಡ. ಬಾಳವ್ವ ಮತ್ತೆ ಬರುವಷ್ಟರಲ್ಲಿ ಏಡಿಯೂ ಇರಲಿಲ್ಲ.

ಬಾಳವ್ವ ಬಂದಳು. ಸಂದಿಯನ್ನು ಮೀಸೆಯಿಂದ ತಡವಿದಳು. ಖಾಲಿಯಿತ್ತು. ಮಕ್ಕಳು ದೊಡ್ಡವಾಗಿ ಸಮುದ್ರಕ್ಕೆ ಹೋಗಿದ್ದವು, ಹಾಲುಹಲ್ಲು ಉದುರಿ ಅವ್ವನ ಹಾಗೇ ಬೊಚ್ಚುಬಾಯಿಯಾಗಿದ್ದವು. ಹೊಳೆಯ ಬಾಯಲ್ಲಿ ಅವುಗಳಲ್ಲಿ ಎರಡು ಅವಳ ಪಕ್ಕದಲ್ಲೇ ಹಾದು ಹೋಗಿದ್ದವು. ಯಾರೋ ಎಂದುಕೊಂಡು ಬಾಳವ್ವ ದಾರಿ ಬಿಟ್ಟಿದ್ದಳು. ಖಾಲಿ ಸಂದಿಯಲ್ಲಿ ಮೂಗಿಟ್ಟು ಅವಳು, ಈ ಸಲವೂ ಸತ್ತುಹೋದವು ಎಂದು ತಿಳಿದಳು. ಹೊಳೆವ್ವ ಹೇಳಿದಳು, ಕೂಗಿ ಹೇಳಿದಳು. ಆದರೆ ಆ ಹೊತ್ತಿಗೆ ಲೋಕ ಒಣಗಿ ಗಟ್ಟಿಯಾಗಿತ್ತು, ನೀರಿನ ಮಾತು ಯಾರಿಗೂ ತಿಳಿಯದ ಹಾಗಾಗಿತ್ತು. ಬರಿಯ ಸದ್ದು ಕೇಳಿಸಿತು. ಬಾಳವ್ವ ಆ ಸದ್ದಿನಲ್ಲೇ ಮತ್ತೆ ಉಡಿ ತುಂಬಿದಳು, ಮತ್ತೆ ಮೊಟ್ಟೆಯಿಟ್ಟಳು. ಬೊಟ್ಟಿಡಲು ಕಣ್ಣಿನಲ್ಲಿ ಕಪ್ಪಿರಲಿಲ್ಲ. ಆದರೆ ಆ ಕಪ್ಪು ಅಷ್ಟು ಹೊತ್ತಿಗೆ ಅವಳ ರಕ್ತಕ್ಕೇ ಇಳಿದಿತ್ತು. ಮರಿಗಳು ಬೊಟ್ಟು ಇಟ್ಟುಕೊಂಡೇ ಹುಟ್ಟಿದವು. ಅದೂ ಅವಳಿಗೆ ಕಾಣಿಸಲಿಲ್ಲ.

ಈಗ ನೀವು ಸ್ಟರ್ಜನ್ ಮರಿಗಳನ್ನು ಸಾಕುವ ಕಡೆ ಹೋದರೆ ಗಾಜಿನ ತೊಟ್ಟಿಯ ಮುಂದೆ ಸುಮ್ಮನೆ ಕೂತು ನೋಡಿ. ಹಳದಿ ಹೊಟ್ಟೆಯ ಮರಿಗಳು ಎಷ್ಟೋ ದಿನ ಏನೂ ಉಣ್ಣದೆ ಇರುತ್ತವೆ, ಸಾಕುವವರೂ ಏನೂ ಹಾಕುವುದಿಲ್ಲ. ತೊಟ್ಟಿಯ ತಳದಲ್ಲಿ ಎಳ್ಳಿನಷ್ಟು ಸಣ್ಣ ಕರಿಚುಕ್ಕೆಗಳು ಉದುರಿ ಬಿದ್ದ ದಿನ ಮರಿಗಳಿಗೆ ಮೊದಲ ಊಟ. ಆ ಚುಕ್ಕೆ ಅವ್ವ ಇಟ್ಟ ಬೊಟ್ಟು. ಲೋಕ ಹಸಿಯಾಗಿದ್ದ ಕಾಲದಿಂದ ಇಂದಿನ ತನಕ ಸ್ಟರ್ಜನ್ ಕುಲದ ಯಾವ ಅವ್ವನೂ ತನ್ನ ಮಗು ಉಂಡದ್ದನ್ನು ಕಂಡಿಲ್ಲ.